ಪೊರೆಯನ್ನು ಹೊರಗೆ ತೆಗೆದ ವೈದ್ಯ ಜಾಕ್ ದಾವಿಯೆಲ್

ನಮ್ಮ ಕರಾವಳಿಯ ಯಾವ ಮನೆಗೆ ಹೋದರೂ ಕಣ್ಣಿನ ಪೊರೆಯ ಆಪರೇಶನ್ ಮಾಡಿಸಿಕೊಂಡ ಹಿರಿಯರು ಒಬ್ಬರಾದರೂ ಸಿಗುತ್ತಾರೆ. ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಹೆಚ್ಚಿನ ಸಲ ಸಂಜೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಮರಳುತ್ತಾರೆ. ಕೆಲವು ವಾರಗಳಲ್ಲಿ ಪ್ರಾರ್ಥನಾ ಪುಸ್ತಕದ ಸಣ್ಣ ಅಕ್ಷರಗಳನ್ನೂ ಓದತೊಡಗುತ್ತಾರೆ. ಇದು ಈಗ ಎಷ್ಟು ಸಾಮಾನ್ಯವಾಗಿದೆಯೆಂದರೆ, ಪೊರೆ ತೆಗೆಸಿಕೊಂಡೆ ಎಂದು ಹೇಳುವಾಗ ಹಲ್ಲು ಕೀಳಿಸಿಕೊಂಡಷ್ಟೇ ಹಗುರವಾಗಿ ಹೇಳುತ್ತೇವೆ.

ಆದರೆ ಈ ಪೊರೆ ಎಂಬ ಮಾತಿನಲ್ಲೇ ಒಂದು ಹಳೆಯ ತಪ್ಪು ತಿಳುವಳಿಕೆ ಅಡಗಿದೆ. ಹಾವಿನ ಪೊರೆ ಎಂದಾಗ ತೆಳ್ಳಗಿನ ಒಂದು ಹೊದಿಕೆ ನಮ್ಮ ಮನಸ್ಸಿಗೆ ಬರುತ್ತದೆ. ಕಣ್ಣಿನ ಮೇಲೂ ಅಂಥದೇ ಹೊದಿಕೆ ಬೆಳೆದಿದೆ, ವೈದ್ಯರು ಅದನ್ನು ಕೆರೆದು ತೆಗೆಯುತ್ತಾರೆ ಎಂದು ನಂಬಿದವರು ಇಂದಿಗೂ ಬಹಳ ಮಂದಿ ಇದ್ದಾರೆ. ನಿಜವಾಗಿ ಅಲ್ಲಿ ಯಾವ ಹೊದಿಕೆಯೂ ಬೆಳೆದಿರುವುದಿಲ್ಲ. ಕಣ್ಣಿನ ಪಾಪೆಯ ಹಿಂದೆ ದೇವರು ಇಟ್ಟಿರುವ ಮಸೂರವೇ ಮಂಜಾಗಿರುತ್ತದೆ. ಕೋಳಿಮೊಟ್ಟೆಯ ಬಿಳಿ ಭಾಗ ಹಸಿಯಾಗಿರುವಾಗ ಪಾರದರ್ಶಕವಾಗಿದ್ದು ಬೆಂದಾಗ ಬೆಳ್ಳಗಾಗುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದೇವೆ. ಮಸೂರದೊಳಗಿನ ಪ್ರೋಟೀನುಗಳಿಗೂ ವಯಸ್ಸಾಗುತ್ತಾ ಹೆಚ್ಚುಕಡಿಮೆ ಇದೇ ಗತಿ. ಆಪರೇಶನ್ನಿನಲ್ಲಿ ತೆಗೆಯುವುದು ಆ ಮಸೂರವನ್ನು. ಯೋಚಿಸಿ ಮಾಡಿದ ಒಂದು ವಿಧಾನವಾಗಿ ಅದನ್ನು ಮೊದಲು ಮಾಡಿ, ಮಾಡಿದ್ದನ್ನು ಲೆಕ್ಕವಿಟ್ಟು, ಗೆದ್ದದ್ದರ ಜೊತೆಗೆ ಸೋತದ್ದನ್ನೂ ಲೋಕದ ಮುಂದೆ ಇಟ್ಟವರು 18ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಜಾಕ್ ದಾವಿಯೆಲ್. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಅವರ ಹೆಸರನ್ನು ಡೇವಿಯಲ್ ಎಂದೂ ಉಚ್ಚರಿಸುತ್ತಾರೆ.

ಅವರ ಬದುಕನ್ನು ತಿಳಿಯುವ ಮೊದಲು ಅವರ ಕಾಲದಲ್ಲಿ ಪೊರೆಗೆ ಇದ್ದ ಚಿಕಿತ್ಸೆ ಏನೆಂದು ನೋಡಬೇಕು. ಅದು ಬಹಳ ಪುರಾತನವಾದದ್ದು, ಅದರ ಅತಿ ಹಳೆಯ ವಿವರಣೆಗಳಲ್ಲಿ ಒಂದು ನಮ್ಮ ದೇಶದ್ದೇ. ಸುಶ್ರುತ ಸಂಹಿತೆಯಲ್ಲಿ ಜವೆಗೋಧಿಯ ಕಾಳಿನಂತೆ ತುದಿಯಿರುವ ಶಲಾಕೆಯಿಂದ ಕಣ್ಣಿನ ಬಿಳಿ ಭಾಗದಲ್ಲಿ ಚುಚ್ಚಿ ಮಾಡುವ ಚಿಕಿತ್ಸೆಯನ್ನು ವಿವರವಾಗಿ ಹೇಳಿದೆ. ಆಮೇಲೆ ತುಪ್ಪದಲ್ಲಿ ನೆನೆಸಿದ ಬಟ್ಟೆ ಕಟ್ಟಬೇಕು, ರೋಗಿ ಕೆಮ್ಮಬಾರದು, ಸೀನಬಾರದು, ತೇಗಬಾರದು, ಉಗುಳಬಾರದು ಎಂಬ ಪಥ್ಯವೂ ಅದರಲ್ಲಿದೆ. ಅರಬರಲ್ಲಿ, ಯುರೋಪಿನಲ್ಲಿ, ಚೀನಾದಲ್ಲಿ ಎಲ್ಲೆಲ್ಲೂ ಇದೇ ಬಗೆಯ ಸೂಜಿ ಚಿಕಿತ್ಸೆ ನಡೆಯುತ್ತಿತ್ತು. ಯುರೋಪಿನಲ್ಲಿ ಹಳೆಯ ಕಾಲದಿಂದ ಬಂದ ರೀತಿ ಇಷ್ಟೇ. ಸೂಜಿಯನ್ನು ಕಣ್ಣಿನ ಪಕ್ಕದಿಂದ ಒಳಗೆ ತೂರಿಸಿ, ಪಾಪೆಗೆ ಅಡ್ಡವಾಗಿರುವ ಮಂಜಾದ ವಸ್ತುವನ್ನು ಕಣ್ಣಿನ ತಳಕ್ಕೆ ತಳ್ಳಿಬಿಡುವುದು. ಬಾಗಿಲಿಗೆ ಅಡ್ಡವಾದ ಬಂಡೆಯನ್ನು ಅಂಗಳಕ್ಕೆ ಎಸೆಯದೆ ಮನೆಯೊಳಗೇ ಮೂಲೆಗೆ ಉರುಳಿಸಿದ ಹಾಗೆ.

ಹಾಗೆ ತಳ್ಳಿದ ಕ್ಷಣದಲ್ಲೇ ರೋಗಿಗೆ ಬೆಳಕು ಕಾಣಿಸುತ್ತಿತ್ತು. ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುತ್ತಿದ್ದ. ಸಂತೆಗಳಲ್ಲಿ, ಜಾತ್ರೆಗಳಲ್ಲಿ ತಿರುಗುತ್ತಿದ್ದ ಅಲೆಮಾರಿ ಕಣ್ಣುವೈದ್ಯರಿಗೆ ಅಷ್ಟು ಸಾಕಾಗಿತ್ತು. ಹಣ ಪಡೆದು ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ತಳದಲ್ಲಿ ಬಿದ್ದ ಮಸೂರ ಸುಮ್ಮನಿರದೆ ಕೆಲವೊಮ್ಮೆ ಮೇಲೆದ್ದು ಬಂದು ಪುನಃ ಪಾಪೆಯನ್ನು ಮುಚ್ಚುತ್ತಿತ್ತು. ಅದು ಒಡೆದರೆ ಕಣ್ಣು ಉರಿಯೂತದಿಂದ ಕೆಂಪಾಗಿ ಊದುತ್ತಿತ್ತು, ಒಳಗಿನ ಒತ್ತಡ ಏರಿ ನರ ಸಾಯುತ್ತಿತ್ತು. ಸೂಜಿಯೊಂದಿಗೆ ಒಳಸೇರಿದ ಸೋಂಕಿನಿಂದ ಕೀವು ತುಂಬುತ್ತಿತ್ತು. ಸಂಗೀತಗಾರ ಬಾಖ್ ಅವರ ಕಣ್ಣಿಗೆ 1750ರಲ್ಲಿ ಲೈಪ್‌ಜಿಗ್ ನಗರದಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ಅಲೆಮಾರಿ ವೈದ್ಯ ಎರಡು ಸಲ ಇಂಥ ಚಿಕಿತ್ಸೆ ಮಾಡಿದ. ಬಾಖ್ ದೃಷ್ಟಿ ಕಳೆದುಕೊಂಡು ಅದೇ ವರ್ಷದ ಜುಲೈ ತಿಂಗಳಲ್ಲಿ ತೀರಿಕೊಂಡರು. ಇಷ್ಟಾದರೂ ಟೇಲರನ ಸಾರೋಟು ಊರಿಂದೂರಿಗೆ ಓಡುತ್ತಲೇ ಇತ್ತು.

ತಾವು ಕೆಳಗೆ ತಳ್ಳುತ್ತಿರುವುದು ಏನೆಂದೇ ಆಗಿನ ಯುರೋಪಿನ ಬಹುಪಾಲು ವೈದ್ಯರಿಗೆ ಗೊತ್ತಿರಲಿಲ್ಲ ಎಂದರೆ ನಮಗೆ ಆಶ್ಚರ್ಯವಾಗುತ್ತದೆ. ಮಸೂರದ ಮುಂದೆ ಯಾವುದೋ ಕೆಟ್ಟ ದ್ರವ ಇಳಿದುಬಂದು ಹೆಪ್ಪುಗಟ್ಟುತ್ತದೆ ಎಂಬುದು ಗ್ರೀಕರ ಕಾಲದಿಂದ ಬಂದ ನಂಬಿಕೆ. ಮಸೂರವೇ ನೋಡುವ ಅಂಗ, ಅದು ಹೋದರೆ ದೃಷ್ಟಿಯೇ ಇಲ್ಲ ಎಂದೂ ತಿಳಿದಿದ್ದರು. 1705ರಲ್ಲಿ ಮಿಶೆಲ್ ಬ್ರಿಸ್ಸೋ ಎಂಬ ವೈದ್ಯ ಪೊರೆಯಿದ್ದ ಒಬ್ಬ ಸೈನಿಕ ಸತ್ತಾಗ ಅವನ ಕಣ್ಣನ್ನು ಕೊಯ್ದು ನೋಡಿ, ಮಂಜಾಗಿರುವುದು ಮಸೂರವೇ ಎಂದು ಕಂಡುಕೊಂಡರು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಪಂಡಿತರು ಮೊದಲಿಗೆ ಅದನ್ನು ಒಪ್ಪಲಿಲ್ಲ. ಸ್ವಲ್ಪ ಸಮಯದಲ್ಲೇ ಅಂತ್ವಾನ್ ಮೆತ್ರ್-ಜಾನ್ ಎಂಬ ಇನ್ನೊಬ್ಬ ಶಸ್ತ್ರವೈದ್ಯರೂ ಅದನ್ನೇ ಬರೆದ ಮೇಲೆ ನಿಧಾನವಾಗಿ ಸತ್ಯ ಬೇರೂರಿತು. ಮಸೂರ ಪಾಪೆಯ ಹಿಂದಿನಿಂದ ತಪ್ಪಿ ತಾನಾಗಿ ಕಣ್ಣಿನ ಮುಂಭಾಗಕ್ಕೆ ಜಾರಿ ಬಂದಿದ್ದ ಕೆಲವರಲ್ಲಿ ಕಾರ್ನಿಯಾವನ್ನು ಕೊಯ್ದು ಅದನ್ನು ಹೊರತೆಗೆದ ಉದಾಹರಣೆಗಳೂ ಆ ವರ್ಷಗಳಲ್ಲೇ ನಡೆದವು. ಆದರೆ ತನ್ನ ಜಾಗದಲ್ಲೇ ಕುಳಿತ ಮಸೂರವನ್ನು ತೆಗೆಯಲು ಆರೋಗ್ಯವಾದ ಕಾರ್ನಿಯಾಕ್ಕೆ ಕತ್ತರಿ ಹಾಕುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ದಾವಿಯೆಲ್ ಅವರು ಹುಟ್ಟಿದ್ದು 17ನೇ ಶತಮಾನದ ಕೊನೆಯ ದಶಕದಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲಾ ಬಾರ್ ಎಂಬ ಸಣ್ಣ ಊರಿನಲ್ಲಿ. ರೂಆನ್ ನಗರದಲ್ಲಿ ಶಸ್ತ್ರವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿತು ಪ್ಯಾರಿಸ್ಸಿಗೆ ಹೋದರು. ಆ ಕಾಲದಲ್ಲಿ ಶಸ್ತ್ರವೈದ್ಯರಿಗೆ ಈಗಿನ ಗೌರವ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಓದಿದ ವೈದ್ಯರು ಅವರನ್ನು ಕೈಕೆಲಸದವರೆಂದು ಕೀಳಾಗಿ ಕಾಣುತ್ತಿದ್ದರು. ಕ್ಷೌರಿಕರ ಸಂಘದಿಂದ ಶಸ್ತ್ರವೈದ್ಯರನ್ನು ರಾಜಾಜ್ಞೆಯಿಂದ ಬೇರ್ಪಡಿಸಿದ್ದೇ 1743ರಲ್ಲಿ.

ಯುವಕ ದಾವಿಯೆಲ್ ಅವರ ಬದುಕು ತಿರುಗಿದ್ದು ಒಂದು ಮಹಾಮಾರಿಯಿಂದ. 1720ರ ಮೇ ತಿಂಗಳಲ್ಲಿ ಗ್ರಾಂ ಸೇಂತ್-ಆಂತ್ವಾನ್ ಎಂಬ ಹಡಗು ಪೂರ್ವ ದೇಶಗಳಿಂದ ಬಟ್ಟೆ, ಹತ್ತಿ ಹೊತ್ತು ಮಾರ್ಸೆಯ್ ಬಂದರಿಗೆ ಬಂತು. ಅದರಲ್ಲಿ ಪ್ಲೇಗ್ ಕೂಡ ಬಂತು. ನಿಯಮದ ಪ್ರಕಾರ ಸರಕನ್ನು ಪೂರ್ತಿ ತಡೆದಿಟ್ಟಿದ್ದರೆ ಊರು ಉಳಿಯುತ್ತಿತ್ತೋ ಏನೋ, ಆದರೆ ಅದು ಬೇಗನೆ ಊರೊಳಗೆ ಸೇರಿತು. ಸುಮಾರು 90 ಸಾವಿರ ಜನರಿದ್ದ ಆ ನಗರದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಸತ್ತರು. ಬೀದಿಗಳಲ್ಲಿ ಹೆಣಗಳನ್ನು ಎತ್ತುವವರಿಲ್ಲದಾಯಿತು. ಓಡಿಹೋಗುವ ಅವಕಾಶ ಇದ್ದವರೆಲ್ಲ ಓಡಿಹೋದರು. ಧರ್ಮಾಧ್ಯಕ್ಷ ಬೆಲ್ಸುಂಸ್ ಅವರು ಊರು ಬಿಡದೆ ರೋಗಿಗಳ ನಡುವೆಯೇ ನಿಂತು, ಅದೇ ವರ್ಷದ ನವೆಂಬರ್ 1ರಂದು ನಗರವನ್ನು ಯೇಸುವಿನ ಪವಿತ್ರ ಹೃದಯಕ್ಕೆ ಅರ್ಪಿಸಿದ ವಿಷಯ ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಹೀಗೆ ಎಲ್ಲರೂ ಹೊರಗೆ ಓಡುತ್ತಿದ್ದ ಊರಿಗೆ ಒಳಗೆ ಬಂದ ಶಸ್ತ್ರವೈದ್ಯರಲ್ಲಿ ದಾವಿಯೆಲ್ ಒಬ್ಬರು. ಇನ್ನೂ ಮೂವತ್ತು ತುಂಬಿರಲಿಲ್ಲ. ಬದುಕಿ ಉಳಿದರು. ಆ ಸೇವೆಗಾಗಿ ಅವರಿಗೆ ಪ್ಲೇಗಿನ ರೋಗಿಗಳ ಪಾಲಕರಾದ ಸಂತ ರೋಕರ ಶಿಲುಬೆಯ ಗೌರವ ಸಿಕ್ಕಿತು, ಮಾರ್ಸೆಯ್‌ನಲ್ಲಿ ವೃತ್ತಿ ನಡೆಸುವ ಹಕ್ಕೂ ಸಿಕ್ಕಿತು. ಅಲ್ಲೇ ನೆಲೆಸಿ ಮದುವೆಯಾದರು, ಅಲ್ಲಿಯ ಆಸ್ಪತ್ರೆಯಲ್ಲಿ ಅಂಗರಚನೆ ಮತ್ತು ಶಸ್ತ್ರಚಿಕಿತ್ಸೆ ಕಲಿಸಿದರು, ಬರಬರುತ್ತಾ ಕಣ್ಣಿನ ಕೆಲಸವನ್ನೇ ಹಿಡಿದರು.

ಕಣ್ಣಿನ ಚಿಕಿತ್ಸೆಯಲ್ಲಿ ಅವರೂ ಎಲ್ಲರಂತೆ ಸೂಜಿಯಿಂದ ತಳ್ಳುವವರೇ ಆಗಿದ್ದರು. ಅದರಲ್ಲಿ ಒಳ್ಳೆಯ ಹೆಸರನ್ನೂ ಗಳಿಸಿದ್ದರು. ಸುಮಾರು ಐವತ್ತರ ವಯಸ್ಸಿನವರೆಗೆ ಅವರ ಕೈಗೆ ಒಗ್ಗಿದ್ದು ಆ ಒಂದೇ ವಿದ್ಯೆ. ಈ ಮಾತನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಹೊಸತನ್ನು ಕಂಡುಹಿಡಿಯುವುದು ಯುವಕರ ಕೆಲಸ ಎಂದು ನಾವು ತಿಳಿಯುತ್ತೇವೆ. ಹೆಸರು ಮಾಡಿದ, ಮನೆ ಕಟ್ಟಿದ, ರೋಗಿಗಳು ಹುಡುಕಿಕೊಂಡು ಬರುವ ವೈದ್ಯನೊಬ್ಬ ತನ್ನ ಕೈಯ ವಿದ್ಯೆಯನ್ನೇ ಅನುಮಾನಿಸುವುದು ಅದಕ್ಕಿಂತ ಕಷ್ಟದ್ದು.

ಆ ಅನುಮಾನಕ್ಕೆ ಕಾರಣರಾದವರು ಒಬ್ಬ ಸನ್ಯಾಸಿ. ಏಕ್ಸ್ ನಗರದ ಸಮೀಪ ಏಗಿಯ್ ಎಂಬಲ್ಲಿ ಏಕಾಂತವಾಸಿಯಾಗಿದ್ದ ಒಬ್ಬ ಧರ್ಮಸಹೋದರರಿಗೆ ಪೊರೆ ಬಂದಿತ್ತು. 1745ರಲ್ಲಿ ದಾವಿಯೆಲ್ ಅವರು ಎಂದಿನಂತೆ ಸೂಜಿ ಹಾಕಿದರು. ಮಸೂರ ಕೆಳಗಿಳಿಯಲಿಲ್ಲ. ಪುನಃ ಪುನಃ ಪ್ರಯತ್ನಿಸಿದಾಗ ಅದು ಒಡೆದು ಚೂರಾಯಿತು. ಚೂರುಗಳೂ ರಕ್ತವೂ ಪಾಪೆಯ ಮುಂದಿನ ಭಾಗದಲ್ಲಿ ತುಂಬಿಕೊಂಡವು. ಅಲೆಮಾರಿ ವೈದ್ಯನಾಗಿದ್ದರೆ ಬಟ್ಟೆ ಕಟ್ಟಿ, ದೇವರ ಚಿತ್ತ ಎಂದು ಹೇಳಿ ಹೊರಟುಬಿಡುತ್ತಿದ್ದ. ದಾವಿಯೆಲ್ ಅವರು ಕಾರ್ನಿಯಾದ ಕೆಳಭಾಗವನ್ನು ಕೊಯ್ದು, ಅದನ್ನು ಬಾಗಿಲಿನಂತೆ ಮೇಲೆತ್ತಿ, ಒಳಗಿನ ಚೂರುಗಳನ್ನು ಹೊರಗೆ ಬರಮಾಡಿದರು. ಪಾಪೆ ಕಪ್ಪಾಗಿ ತಿಳಿಯಾಯಿತು. ರೋಗಿಗೆ ಎದುರಿನ ವಸ್ತುಗಳ ಗುರುತು ಸಿಕ್ಕಿತು. ಅಷ್ಟು ಗಾಸಿಗೊಂಡ ಕಣ್ಣನ್ನು ಗೆಲುವಿನ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ, ಅವರೂ ಅದನ್ನು ತಮ್ಮ ಸೂಜಿಯ ಸೋಲೆಂದೇ ಕಂಡರು. ಆದರೆ ಆ ಸೋಲಿನೊಳಗೆ ಒಂದು ದಾರಿ ಕಾಣಿಸಿತ್ತು. ಕಷ್ಟ ಬಂದಾಗ ಕೊನೆಗೆ ಮಾಡಿದ್ದನ್ನು, ಕಣ್ಣು ಗಾಸಿಯಾಗುವ ಮೊದಲೇ ಯಾಕೆ ಮಾಡಬಾರದು?

ಮರುದಿನದಿಂದಲೇ ಅವರು ಸೂಜಿಯನ್ನು ಎಸೆಯಲಿಲ್ಲ. 1746ರಲ್ಲಿ ಪ್ಯಾರಿಸ್ಸಿಗೆ ಬಂದು ನೆಲೆಸಿದ ಮೇಲೂ ಕೆಲವರಲ್ಲಿ ಹಳೆಯ ವಿಧಾನ, ಕೆಲವರಲ್ಲಿ ಹೊಸದು ಹೀಗೆ ನಡೆಸಿದರು. ಸಲಕರಣೆಗಳನ್ನು ಬದಲಿಸುತ್ತಾ ಹೋದರು. 1749ರಲ್ಲಿ ಹದಿನೈದನೆಯ ಲೂಯಿ ದೊರೆಯ ನೇತ್ರವೈದ್ಯರಾಗಿ ನೇಮಕಗೊಂಡರು. 1750ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಅರಮನೆಯಿಂದ ಕರೆ ಬಂದು ಹೋದಾಗ ದಾರಿಯುದ್ದಕ್ಕೂ ಊರುಗಳಲ್ಲಿ ಪೊರೆ ತೆಗೆದರು. ಆ ಹೊತ್ತಿಗೆ ಹೊರತೆಗೆಯುವ ವಿಧಾನವನ್ನೇ ಪೂರ್ತಿಯಾಗಿ ಅನುಸರಿಸುವ ನಿರ್ಧಾರ ಗಟ್ಟಿಯಾಗಿತ್ತು.

ಅವರು ಹೇಗೆ ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ರೋಗಿಯನ್ನು ತಗ್ಗಾದ ಕುರ್ಚಿಯಲ್ಲಿ ಬೆಳಕು ನೇರವಾಗಿ ಹೊಡೆಯದಂತೆ ಕೂರಿಸಿ, ಇನ್ನೊಂದು ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಸಹಾಯಕ ಹಿಂದೆ ನಿಂತು ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು ಮೇಲಿನ ರೆಪ್ಪೆಯನ್ನು ಎತ್ತುತ್ತಿದ್ದ. ವೈದ್ಯರು ಸ್ವಲ್ಪ ಎತ್ತರದಲ್ಲಿ ಕುಳಿತು ಕೆಳರೆಪ್ಪೆಯನ್ನು ತಾವೇ ತಗ್ಗಿಸುತ್ತಿದ್ದರು. ಎಲೆಯ ಆಕಾರದ ಚೂಪಾದ ಅಲಗಿನಿಂದ ಕಾರ್ನಿಯಾದ ಕೆಳ ಅಂಚಿನಲ್ಲಿ ಚುಚ್ಚಿ, ಇನ್ನೊಂದು ಕಿರಿದಾದ ಅಲಗಿನಿಂದ ಅದನ್ನು ಅಗಲಿಸಿ, ಆಮೇಲೆ ಬಾಗಿದ ಸಣ್ಣ ಕತ್ತರಿಗಳಿಂದ ಎಡಕ್ಕೂ ಬಲಕ್ಕೂ ಕತ್ತರಿಸುತ್ತಿದ್ದರು. ಕಾರ್ನಿಯಾದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೆರೆದುಕೊಳ್ಳುತ್ತಿತ್ತು. ಪುಟ್ಟ ಚಿನ್ನದ ಚಮಚದಂಥ ಸಲಕರಣೆಯಿಂದ ಅದನ್ನು ಮೇಲೆತ್ತಿ, ಮಸೂರವನ್ನು ಮುಚ್ಚಿರುವ ತೆಳುವಾದ ಚೀಲವನ್ನು ಸೂಜಿಯಿಂದ ಸೀಳುತ್ತಿದ್ದರು. ಕೊನೆಗೆ ಕಣ್ಣುಗುಡ್ಡೆಯನ್ನು ಬೆರಳಿಂದ ಬಹಳ ಮೆತ್ತಗೆ ಒತ್ತಿದಾಗ ಮಂಜಾದ ಮಸೂರ ಪಾಪೆಯ ಮೂಲಕ ಜಾರಿ ಹೊರಗೆ ಬರುತ್ತಿತ್ತು. ಹಣ್ಣಾದ ಹಲಸಿನ ತೊಳೆಯಿಂದ ಬೀಜ ಜಾರಿ ಬರುವ ಹಾಗೆ ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು. ಒತ್ತುವುದು ಒಂದಿಷ್ಟು ಹೆಚ್ಚಾದರೆ ಮಸೂರದ ಹಿಂದಿರುವ ಲೋಳೆಯೂ ಹೊರಬಂದು ಕಣ್ಣೇ ಕುಸಿಯುವ ಅಪಾಯವಿತ್ತು.

ಇಷ್ಟೆಲ್ಲ ನಡೆಯುವಾಗ ರೋಗಿಗೆ ಪೂರ್ತಿ ಎಚ್ಚರ, ಪೂರ್ತಿ ನೋವು. ಕಣ್ಣನ್ನು ಮರಗಟ್ಟಿಸುವ ಕೊಕೇನ್ ಹನಿಯನ್ನು ವಿಯೆನ್ನಾದ ಕಾರ್ಲ್ ಕೊಲ್ಲರ್ ಬಳಕೆಗೆ ತಂದದ್ದು 1884ರಲ್ಲಿ. ಕಾರ್ನಿಯಾಕ್ಕೆ ಹೊಲಿಗೆ ಹಾಕುವುದನ್ನು ಯಾರೂ ಅರಿತಿರಲಿಲ್ಲ, ಎತ್ತಿದ ಭಾಗವನ್ನು ಹಾಗೆಯೇ ಕೆಳಗಿಳಿಸಿ, ಬಟ್ಟೆ ಕಟ್ಟಿ, ರೋಗಿಯನ್ನು ದಿನಗಟ್ಟಲೆ ಕತ್ತಲ ಕೋಣೆಯಲ್ಲಿ ಅಂಗಾತ ಮಲಗಿಸುತ್ತಿದ್ದರು. ಒಂದು ಸೀನು ಬಂದರೂ ಗಾಯ ಬಿಚ್ಚಿಕೊಳ್ಳಬಹುದು. ಸುಶ್ರುತರ ಪಥ್ಯದ ಅರ್ಥ ಇಲ್ಲೂ ತಿಳಿಯುತ್ತದೆ. ರೋಗಾಣು ಎಂಬ ಕಲ್ಪನೆಯೇ ಇಲ್ಲದ ಕಾಲ ಅದು. ಒಬ್ಬರ ಕಣ್ಣಿಗೆ ಹಾಕಿದ ಅಲಗನ್ನು ಕುದಿಸಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಪಾಸ್ಚರ್, ಲಿಸ್ಟರ್ ಅವರ ಕೆಲಸ ಬರಲು ಇನ್ನೂ ನೂರು ವರ್ಷ ಬೇಕಿತ್ತು. ಆದುದರಿಂದ ಕೈ ಎಷ್ಟೇ ನುರಿತದ್ದಾದರೂ ಕೆಲವು ಕಣ್ಣುಗಳು ಮೂರನೆಯ ನಾಲ್ಕನೆಯ ದಿನ ಕೀವು ತುಂಬಿ ಹೋಗುತ್ತಿದ್ದವು, ಯಾಕೆ ಹೋದವೆಂದು ವೈದ್ಯರಿಗೂ ತಿಳಿಯುತ್ತಿರಲಿಲ್ಲ.

1752ರಲ್ಲಿ ದಾವಿಯೆಲ್ ಅವರು ಪ್ಯಾರಿಸ್ಸಿನ ರಾಜಕೀಯ ಶಸ್ತ್ರಚಿಕಿತ್ಸಾ ಅಕಾಡೆಮಿಯ ಮುಂದೆ ತಮ್ಮ ಪ್ರಬಂಧವನ್ನು ಇಟ್ಟರು. ಮರುವರ್ಷ ಅದು ಅಕಾಡೆಮಿಯ ಸಂಪುಟದಲ್ಲಿ ಅಚ್ಚಾಯಿತು. ಸಲಕರಣೆಗಳ ಚಿತ್ರ, ಕೊಯ್ಯುವ ಕ್ರಮ, ಎದುರಾಗುವ ಕಷ್ಟಗಳು ಎಲ್ಲವೂ ಅದರಲ್ಲಿದ್ದವು. ಇವೆಲ್ಲಕ್ಕಿಂತ ಮುಖ್ಯವಾಗಿ ನಮಗೆ ಕಾಣುವುದು ಅದರ ಲೆಕ್ಕ. ಅವರು 206 ಬಾರಿ ಮಸೂರ ಹೊರತೆಗೆದಿದ್ದರು, ಅವುಗಳಲ್ಲಿ 182 ಯಶಸ್ವಿಯಾಗಿದ್ದವು. ಹಾಗೆಂದರೆ 24 ಯಶಸ್ವಿಯಾಗಲಿಲ್ಲ. ರಹಸ್ಯವಾಗಿಟ್ಟ ವಿದ್ಯೆಯೇ ಅನ್ನದ ದಾರಿಯಾಗಿದ್ದ ಕಾಲದಲ್ಲಿ, ಟೇಲರನಂಥವರು ತಮ್ಮ ಗೆಲುವನ್ನು ಮಾತ್ರ ಡಂಗುರ ಸಾರುತ್ತಿದ್ದ ಕಾಲದಲ್ಲಿ, ಅರಮನೆಯ ವೈದ್ಯರೊಬ್ಬರು ಕಾಗದದ ಮೇಲೆ ಎರಡೂ ಸಂಖ್ಯೆಗಳನ್ನು ಕಾಣಿಸಿದ್ದು ಸಣ್ಣ ವಿಷಯವಲ್ಲ.

ಹಾಗೆಂದು ಆ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಯೂ ಇಲ್ಲ. ಯಶಸ್ಸು ಎಂದರೆ ಏನು? ಬೆಳಕು ಕಂಡರೆ ಸಾಕೇ, ಮುಖ ಗುರುತಿಸಬೇಕೇ, ದಾರಿಯಲ್ಲಿ ಒಬ್ಬನೇ ನಡೆಯಬೇಕೇ? ಎಷ್ಟು ತಿಂಗಳ ನಂತರ ನೋಡಿದ್ದು? ಗೆದ್ದೆನೋ ಸೋತೆನೋ ಎಂದು ತೀರ್ಮಾನಿಸಿದ್ದು ಕತ್ತರಿ ಹಿಡಿದ ಕೈಯೇ. ರ‍್ಯಾಂಸ್ ನಗರದಲ್ಲಿ ಅವರು ಮಾಡಿದ ಆಪರೇಶನ್‌ಗಳನ್ನು ಅಲ್ಲಿಯ ಆಸ್ಪತ್ರೆಯ ಶಸ್ತ್ರವೈದ್ಯರೊಬ್ಬರು ಆಮೇಲೆ ಗಮನಿಸಿ ವರದಿ ಮಾಡಿದಾಗ, ಸಂಪೂರ್ಣ ಗುಣ ಕಂಡವರು ಸುಮಾರು ಅರ್ಧದಷ್ಟು ಜನ ಮಾತ್ರ. ಈಗಿನ ಕಾಲದಲ್ಲಿ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುವಾಗ ಫಲಿತಾಂಶ ಅಳೆಯುವವರು ಬೇರೆಯವರಾಗಿರಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಆದರೆ ಬೇರೊಬ್ಬರು ಪರಿಶೀಲಿಸುವುದಕ್ಕೆ ಮೊದಲು ಯಾರಾದರೂ ಒಂದು ಸಂಖ್ಯೆಯನ್ನು ಹೇಳಬೇಕಲ್ಲವೇ? ದಾವಿಯೆಲ್ ಅವರು ಅದನ್ನು ಹೇಳಿದ್ದರಿಂದಲೇ ಅದರ ಮೇಲೆ ವಾದ ಸಾಧ್ಯವಾಯಿತು. ನಮ್ಮ ದೃಷ್ಟಿಯಲ್ಲಿ ಅವರ ಕತ್ತರಿಗಿಂತ ಈ ಲೆಕ್ಕವೇ ದೊಡ್ಡದು.

ವಾದವೂ ಚೆನ್ನಾಗಿಯೇ ನಡೆಯಿತು. ಅಷ್ಟೊಂದು ಸಲಕರಣೆ ಯಾಕೆ, ಒಂದೇ ಅಲಗಿನಿಂದ ಕೊಯ್ಯಬಹುದು ಎಂದು ಫ್ರಾನ್ಸಿನ ಲಾ ಫೇ, ಇಂಗ್ಲೆಂಡಿನ ಸ್ಯಾಮ್ಯುಯೆಲ್ ಶಾರ್ಪ್ ಒಂದೆರಡು ವರ್ಷಗಳಲ್ಲೇ ತೋರಿಸಿದರು. ಅವರ ಮಾತು ಸರಿಯೇ ಆಗಿತ್ತು, ಮುಂದಿನ ಪೀಳಿಗೆ ಆ ದಾರಿಯನ್ನೇ ಹಿಡಿಯಿತು. ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರಂಥವರು ಮಾತ್ರ ಹಳೆಯ ಸೂಜಿಯೇ ಮೇಲೆಂದು ಪಟ್ಟುಹಿಡಿದರು. ಇದನ್ನು ಬರೀ ಹಠ ಎನ್ನಲಾಗದು. ಅರ್ಧ ಕಾರ್ನಿಯಾ ಕೊಯ್ದ ಗಾಯಕ್ಕೆ ಕೀವಾದರೆ ಕಣ್ಣು ಒಂದೇ ವಾರದಲ್ಲಿ ಹೋಗುತ್ತಿತ್ತು. ಸೂಜಿಯಿಂದ ಕೆಟ್ಟ ಕಣ್ಣು ನಿಧಾನವಾಗಿ, ವೈದ್ಯರ ಕಣ್ಣಿಗೆ ಬೀಳದೆ ಹೋಗುತ್ತಿತ್ತು.

ಪ್ಯಾರಿಸ್ಸಿನಲ್ಲಿ ದಾವಿಯೆಲ್ ಅವರ ಚಿಕಿತ್ಸೆಯನ್ನು ಕುಳಿತು ನೋಡಿದವರಲ್ಲಿ ತತ್ವಜ್ಞಾನಿ ದಿದೆರೋ ಕೂಡ ಒಬ್ಬರು. ಕುರುಡರ ಕುರಿತು 1749ರಲ್ಲಿ ಬರೆದ ಪುಸ್ತಕಕ್ಕಾಗಿ ಸೆರೆಮನೆ ಕಂಡವರು ಅವರು. ಧರ್ಮದ ವಿಷಯದಲ್ಲಿ ನಮಗೆ ಬಹುದೂರದವರು, ಆದರೂ ಕಂಡದ್ದನ್ನು ಕಂಡಂತೆ ಬರೆಯಬಲ್ಲವರು. ಅದೇ ಪುಸ್ತಕಕ್ಕೆ ಎಷ್ಟೋ ವರ್ಷಗಳ ನಂತರ ಸೇರಿಸಿದ ಬರಹದಲ್ಲಿ ಅವರು ದಾವಿಯೆಲ್ ಅವರನ್ನು ನೆನೆದಿದ್ದಾರೆ. ದೇಶದ ಎಲ್ಲ ಪ್ರಾಂತ್ಯಗಳಿಂದ ಬಡ ರೋಗಿಗಳು ಇವರ ಮನೆಗೆ ಬರುತ್ತಿದ್ದರು, ಅವರ ದಯೆಯ ಹೆಸರು ಅಷ್ಟು ದೂರ ಹಬ್ಬಿತ್ತು ಎಂದು ಅದರಿಂದ ತಿಳಿಯುತ್ತದೆ. ಒಬ್ಬ ಕಮ್ಮಾರನ ಕಥೆಯೂ ಅಲ್ಲಿದೆ. ಸುಮಾರು 25 ವರ್ಷ ಕಣ್ಣು ಕಾಣದೆ ಬದುಕಿದ್ದ ಆತ ಎಲ್ಲವನ್ನೂ ಮುಟ್ಟಿ ತಿಳಿಯುವುದಕ್ಕೆ ಒಗ್ಗಿಹೋಗಿದ್ದ. ಆಪರೇಶನ್ ಆಗಿ ದೃಷ್ಟಿ ಬಂದ ಮೇಲೂ ಕಣ್ಣು ಮುಚ್ಚಿ ಕೈಯಿಂದಲೇ ತಡವರಿಸುತ್ತಿದ್ದ. ನೋಡು ಎಂದು ದಾವಿಯೆಲ್ ಅವರು ಗದರಿಸಿ ಏಟು ಕೊಟ್ಟು ನೋಡಿಸಬೇಕಾಯಿತಂತೆ. ಇಂದಿನ ವೈದ್ಯರು ಹಾಗೆ ಮಾಡಿದರೆ ದೂರು ದಾಖಲಾದೀತು! ಆದರೆ ಕಣ್ಣು ಸರಿಯಾದ ಮಾತ್ರಕ್ಕೆ ನೋಟ ತಾನಾಗಿ ಬರುವುದಿಲ್ಲ, ಅದನ್ನು ಪುನಃ ಕಲಿಯಬೇಕು ಎಂಬುದು ಆ ಕಮ್ಮಾರನಿಂದ ಆಗಲೇ ಕಂಡುಬಂದಿತ್ತು.

ಕೊನೆಯ ವರ್ಷಗಳಲ್ಲಿ ಅವರಿಗೆ ಗಂಟಲಿನ ಕಾಯಿಲೆ ಅಂಟಿಕೊಂಡಿತು. ಚಿಕಿತ್ಸೆಗಾಗಿ ಜಿನೀವಾಕ್ಕೆ ಹೋದರು, ಆ ಕಾಲದ ಹೆಸರಾಂತ ವೈದ್ಯ ತ್ರೋಂಶಾ ಅವರ ಊರದು. ಗುಣವಾಗಲಿಲ್ಲ. 1762ರ ಸೆಪ್ಟೆಂಬರ್ 30ರಂದು ಅಲ್ಲೇ ತೀರಿಕೊಂಡರು. ಜಿನೀವಾ ಪ್ರೊಟೆಸ್ಟೆಂಟರ ನಗರವಾಗಿದ್ದರಿಂದ ಕಥೋಲಿಕರಾದ ಅವರನ್ನು ಆಗ ಫ್ರಾನ್ಸಿಗೆ ಸೇರಿದ್ದ ಪಕ್ಕದ ಗ್ರಾಂ-ಸಾಕೊನೆ ಎಂಬ ಹಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಹಳ್ಳಿ ಈಗ ಸ್ವಿಟ್ಜರ್ಲೆಂಡಿನಲ್ಲಿದೆ.

ಅವರು ಹೋದ ಮೇಲೂ ಸೂಜಿ ಚಿಕಿತ್ಸೆ ಬೇಗನೆ ಹೋಗಲಿಲ್ಲ. ನಮ್ಮ ದೇಶದಲ್ಲಂತೂ ಅದು 20ನೇ ಶತಮಾನದವರೆಗೂ ಹಳ್ಳಿಹಳ್ಳಿಗಳಲ್ಲಿ ನಡೆಯುತ್ತಿತ್ತು. ಮದ್ರಾಸಿನ ಸರಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಅವರು ಹಾಗೆ ಕೆಟ್ಟುಹೋಗಿ ಬಂದ ನೂರಾರು ಕಣ್ಣುಗಳನ್ನು ಪರೀಕ್ಷಿಸಿ, ತೆಗೆದ ಕಣ್ಣುಗುಡ್ಡೆಗಳನ್ನು ಕೊಯ್ದು ನೋಡಿ, 1917ರಲ್ಲಿ ಲಂಡನ್ನಿನಲ್ಲಿ ಆ ಬಗ್ಗೆ ಉಪನ್ಯಾಸ ನೀಡಿ ಪುಸ್ತಕವನ್ನೂ ಹೊರತಂದರು. ಆಸ್ಪತ್ರೆ ದೂರ, ಸೂಜಿಯವನು ಮನೆಬಾಗಿಲಿಗೇ ಬರುತ್ತಾನೆ. ಜನ ಅವನ ಕೈಗೆ ಕಣ್ಣು ಕೊಡುತ್ತಿದ್ದುದಕ್ಕೆ ಕಾರಣ ಅಷ್ಟೇ. ನಮ್ಮ ರಾಜ್ಯದ ಡಾ. ಎಂ.ಸಿ. ಮೋದಿ ಅವರು ಶಾಲೆ, ಛತ್ರಗಳಲ್ಲಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿ ಆಪರೇಶನ್ನನ್ನೇ ಜನರ ಬಳಿಗೆ ಒಯ್ದದ್ದನ್ನು ಹಿರಿಯ ಓದುಗರು ಬಲ್ಲರು. ಅವರು 2005ರಲ್ಲಿ ನಿಧನರಾದರು.

ಆ ಶಿಬಿರಗಳಿಂದ ಬಂದವರ ಮೂಗಿನ ಮೇಲೆ ದಪ್ಪ ಸೋಡಾಬುಡ್ಡಿ ಕನ್ನಡಕ ಇರುತ್ತಿತ್ತು. ಮಸೂರ ತೆಗೆದರೆ ಅದರ ಕೆಲಸವನ್ನು ಗಾಜು ಮಾಡಲೇಬೇಕು. ದಾವಿಯೆಲ್ ಅವರ ರೋಗಿಗಳ ಪಾಡೂ ಇದೇ. ತೆಗೆದ ಜಾಗದಲ್ಲಿ ಕೃತಕ ಮಸೂರ ಇಡುವ ಕೆಲಸವನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಅವರು 1949ರ ನವೆಂಬರ್ 29ರಂದು ಆರಂಭಿಸಿದರು. ಯುದ್ಧ ವಿಮಾನದ ಪಾರದರ್ಶಕ ಪ್ಲಾಸ್ಟಿಕ್ ಚೂರುಗಳು ಸೈನಿಕರ ಕಣ್ಣಲ್ಲಿ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅವರು ಶ್ರವಣಾತೀತ ಕಂಪನದಿಂದ ಮಸೂರವನ್ನು ಒಳಗೇ ಪುಡಿ ಮಾಡಿ ಹೀರುವ ದಾರಿ ತೋರಿಸಿದರು. ಕೊಯ್ತ ಈಗ ಎರಡು ಮೂರು ಮಿಲಿಮೀಟರಿಗೆ ಇಳಿದಿದೆ, ಹೊಲಿಗೆಯೂ ಬೇಡ. ಸೋಂಕಿನ ಭಯ ಮಾತ್ರ ಇಂದಿಗೂ ಪೂರ್ತಿ ಹೋಗಿಲ್ಲ. ಆಪರೇಶನ್ನಿನ ಮೊದಲು ಕಣ್ಣಿಗೆ ಅಯೋಡಿನ್ ದ್ರಾವಣ ಹಾಕುವುದು, ಆಮೇಲೆ ತಪ್ಪದೆ ಹನಿ ಹಾಕಿ, ತಲೆಗೆ ನೀರು ಹಾಕಬೇಡಿ ಎಂದು ನರ್ಸ್ ಹೇಳುವುದು ಅದಕ್ಕಾಗಿಯೇ. ಕಣ್ಣು ಕೆಂಪಾಗಿ ನೋವು ಹೆಚ್ಚಾದರೆ ನಾಳೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಒಂದು ಸ್ವಾರಸ್ಯದ ವಿಷಯ ಹೇಳುವುದು ಬಾಕಿಯಿದೆ. ದಾವಿಯೆಲ್ ಅವರು ಮಸೂರದ ಚೀಲವನ್ನು ಮುಂಭಾಗದಲ್ಲಿ ಸೀಳಿ ಒಳಗಿನದನ್ನು ಮಾತ್ರ ತೆಗೆಯುತ್ತಿದ್ದರು, ಹಿಂಭಾಗದ ಚೀಲ ಕಣ್ಣಿನಲ್ಲೇ ಉಳಿಯುತ್ತಿತ್ತು. 20ನೇ ಶತಮಾನದ ಬಹುಭಾಗದಲ್ಲಿ ವೈದ್ಯರು ಚೀಲದ ಸಮೇತ ಮಸೂರವನ್ನು ತೆಗೆಯುವುದೇ ಉತ್ತಮವೆಂದು ತಿಳಿದು ಹಾಗೆಯೇ ಮಾಡಿದರು. ಕೃತಕ ಮಸೂರವನ್ನು ಕೂರಿಸಲು ಒಂದು ಆಸರೆ ಬೇಕಾದಾಗ ಆ ಚೀಲದ ಬೆಲೆ ಪುನಃ ತಿಳಿಯಿತು. 1980ರ ದಶಕದ ಹೊತ್ತಿಗೆ ಜಗತ್ತಿನ ನೇತ್ರವೈದ್ಯರು ಚೀಲವನ್ನು ಉಳಿಸುವ ಹಳೆಯ ಕ್ರಮಕ್ಕೆ ಮರಳಿದರು. ಅವರ ಹೆಸರಿನ ಪುಟ್ಟ ಚಮಚ, ಡೇವಿಯಲ್ ಸ್ಪೂನ್, ನೇತ್ರ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಪಟ್ಟಿಯಲ್ಲಿ ಈಗಲೂ ಇದೆ.